ಹೊಳೆ ದಾಟುವ ಬೈಕಿಗೆ ಹಗ್ಗ ಹಾಕುವ ಬಗೆ

ಗುಡೇಕೋಟೆಯಲ್ಲಿ ದೋಣಿಯ ಗೊಡವೆಯೇ ಇಲ್ಲ. ಬಂಡೆಯ ಮೇಲೆ ಬಂಡೆ ಕೂತ ಗುಡ್ಡ, ಗುಡ್ಡದ ನೆತ್ತಿಗೆ ಪಾಳೇಗಾರರ ಕೋಟೆ, ಆಸುಪಾಸಿನಲ್ಲಿ 2013ರಲ್ಲಿ ಘೋಷಣೆಯಾದ ಕರಡಿಧಾಮ, ನಡುನಡುವೆ ಶೇಂಗಾ, ಮೆಕ್ಕೆಜೋಳದ ಹೊಲ. ಒನಕೆ ಓಬವ್ವನ ತವರು ಇದೇ ಎಂದು ಊರವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇಲ್ಲಿನ ಹಳ್ಳಗಳಿಗೆ ಜೀವ ಬರುವುದು ಮಳೆ ಸುರಿದಾಗ ಮಾತ್ರ. ಇಂಥ ಊರಿನ ಬೈಕ್ ಸವಾರನಿಗೆ ಇಳಿಜಾರು ಗೊತ್ತು, ಜಲ್ಲಿ ಗೊತ್ತು, ರಾತ್ರಿ ರಸ್ತೆಗೆ ಅಡ್ಡ ಬರುವ ಕರಡಿಯೂ ಗೊತ್ತು. ಗಾಡಿ ನಿಲ್ಲಿಸಿದ ಜಾಗವೇ ಅಲುಗಾಡುವುದು ಮಾತ್ರ ಹೊಸದು.

ಆದರೆ ಗಾಡಿ ಊರಲ್ಲೇ ಇರುವುದಿಲ್ಲವಲ್ಲ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಹುಡುಗರು ಎರಡು ದಿನ ರಜೆ ಸಿಕ್ಕರೆ ಗೋಕರ್ಣಕ್ಕೋ ಗೋವಾಕ್ಕೋ ಹೊರಟುಬಿಡುತ್ತಾರೆ. ಅಷ್ಟು ದೂರವೂ ಬೇಡ. ಹಡಗಲಿ ತಾಲ್ಲೂಕಿನ ಅಂಚಿನುದ್ದಕ್ಕೂ ತುಂಗಭದ್ರೆ ಹರಿಯುತ್ತಾಳೆ, ಹಗರಿಬೊಮ್ಮನಹಳ್ಳಿ ಕಡೆ ಜಲಾಶಯದ ಹಿನ್ನೀರಿದೆ. ಗುಡೇಕೋಟೆಯಿಂದ ಉತ್ತರಕ್ಕೆ ಎರಡು ತಾಸು ಗಾಡಿ ಓಡಿಸಿದರೆ ಹಂಪಿಯ ತಳವಾರಘಟ್ಟ. ಎದುರಿಗೆ ಆನೆಗೊಂದಿ, ನಡುವೆ ಹೊಳೆ.

ಈ ದಡದಿಂದ ಆ ದಡಕ್ಕೆ ಭಾರ ಸಾಗಿಸುವ ಕೆಲಸ ಇಲ್ಲಿ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿ ಕಡೆಗೆ ದಾಟಿಸುವ ದುಂಡನೆಯ ಹರಿಗೋಲುಗಳನ್ನು ನೋಡಿ ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ ಕೂರುತ್ತಿದ್ದರು, ಬೇಕಾದರೆ ಕುದುರೆ, ಎತ್ತುಗಳನ್ನೂ ಹತ್ತಿಸುತ್ತಿದ್ದರು, ಆದರೂ ದನಕರು ಈಜಿಯೇ ದಾಟುವುದು ಹೆಚ್ಚು ಎಂದು ಅವನ ವರದಿ. ಐದು ಶತಮಾನದ ನಂತರ ಕುದುರೆಯ ಜಾಗಕ್ಕೆ ಸ್ಪ್ಲೆಂಡರ್ ಬಂತು. ಅದಕ್ಕೆ ಈಜು ಬಾರದು.

ಇಲ್ಲಿ ಸೇತುವೆ ಕಟ್ಟುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಹಂಪಿಯ ಪರಿಸರಕ್ಕೆ ಧಕ್ಕೆ ಬರುತ್ತದೆಂಬ ತಕರಾರಿನಿಂದ ಕೆಲಸ ವರ್ಷಗಟ್ಟಲೆ ನಿಂತಿತ್ತು. ಇದೇ ಕಾರಣಕ್ಕೆ 1999ರಿಂದ 2006ರವರೆಗೆ ಹಂಪಿ ಯುನೆಸ್ಕೊದ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಯಲ್ಲಿತ್ತು. ಕೊನೆಗೆ ಕಟ್ಟುತ್ತಿದ್ದ ಸೇತುವೆಯೇ 2009ರ ಜನವರಿ 22ರಂದು ಕುಸಿದುಬಿತ್ತು. ಈಗ ಬುಕ್ಕಸಾಗರ–ಕಡೇಬಾಗಿಲು ನಡುವಿನ ಸೇತುವೆ ಇದೆ. ಬಳಸಿ ಹೋಗಬೇಕು, ಆದರೆ ಗಾಡಿ ಗಟ್ಟಿ ನೆಲದ ಮೇಲೇ ಇರುತ್ತದೆ. ಎನ್‌ಫೀಲ್ಡ್‌ನಂಥ ಭಾರದ ಗಾಡಿ ಇರುವವರಿಗೆ ಹರಿಗೋಲಿನ ಆಸೆ ಬಿಟ್ಟು ಆ ಸೇತುವೆ ಹಿಡಿಯುವುದೇ ಸರಿ. ಸ್ಪ್ಲೆಂಡರ್ ತೂಕ 112 ಕಿಲೊ, ಕ್ಲಾಸಿಕ್ 350ರದ್ದು 195. ಹರಿಗೋಲಿನ ತಳ ದುಂಡಗೆ, ಬಿದಿರಿನದು, ಹಗ್ಗ ಕಟ್ಟಲು ಒಂದು ಗೂಟವೂ ಇರುವುದಿಲ್ಲ. ಸಾಲದ್ದಕ್ಕೆ ಅದು ನೇರ ಹೋಗುವುದಕ್ಕಿಂತ ತಿರುಗುವುದೇ ಹೆಚ್ಚು. ಅದರಲ್ಲಿ ನಿಂತ ಬೈಕಿಗೆ ಆಸರೆ ಎಂದರೆ ಹಿಡಿದುಕೊಂಡವರ ಕೈ ಮಾತ್ರ.

ದೋಣಿ ಎಂದರೆ ಎಲ್ಲ ಕಡೆ ಒಂದೇ ಅಲ್ಲ ಎಂಬುದನ್ನು ಮೊದಲು ತಿಳಿದಿರಬೇಕು. ಶರಾವತಿ ಹಿನ್ನೀರಿನ ಲಾಂಚು ಅಗಲವಾದ ಚಪ್ಪಟೆ ಕಬ್ಬಿಣದ ಅಂಗಳ. ಬಸ್ಸನ್ನೇ ಹೊತ್ತು ಸಾಗುವಂಥದ್ದು. ಗೋಕರ್ಣದ ಪಕ್ಕದ ತದಡಿಯಿಂದ ಅಘನಾಶಿನಿಗೆ ದಾಟಿಸುವ ಬೋಟಿನಲ್ಲಿ ಜನರ ನಡುವೆಯೇ ಬೈಕಿಗೂ ಜಾಗ ಮಾಡಬೇಕು. ಗೋವಾದ ರಿಬಂದರ್–ಚೋಡಣ, ಕೇರಿ–ತೆರೆಖೋಲ್ ಫೆರಿಗಳಲ್ಲಿ ಮುಂದಿನ ಬಾಗಿಲು ಮಡಚಿಬಿದ್ದು ರಸ್ತೆಯಾಗುತ್ತದೆ. ಸವಾರ ಸೀಟಿನಿಂದ ಇಳಿಯದೆಯೇ ಒಳಗೆ ಹೋಗಬಹುದು. ಮಹಾರಾಷ್ಟ್ರದ ದಾಪೋಳಿ ಕಡೆಯ ದಾಭೋಳ–ಧೋಪಾವೆ ನಡುವೆ 2003ರಿಂದ ಇಂಥದೇ ಫೆರಿ ಓಡುತ್ತಿದೆ. ಇನ್ನು 2020ರ ಮಾರ್ಚ್‌ನಲ್ಲಿ ಶುರುವಾದ ಮುಂಬೈ–ಮಾಂಡ್ವಾ ರೋ-ರೋ ಹಡಗು ಸಮುದ್ರದ್ದೇ. ಇವಕ್ಕೆಲ್ಲ ಒಂದೇ ಉಪಾಯ ನಡೆಯದು. ಹತ್ತು ನಿಮಿಷದ ಹೊಳೆಗೆ ಕೈಯೇ ಹಗ್ಗ. ಒಂದು ತಾಸಿನ ಕಡಲಿಗೆ ಕೈ ಸಾಲದು, ಪಟ್ಟಿ ಬೇಕು.

ಕೂಡ್ಲಿಗಿ, ಕೊಟ್ಟೂರಿನಿಂದ ಸಿಗಂದೂರು ಚೌಡೇಶ್ವರಿಗೆ ಹೋದವರಿಗೆ ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಲಾಂಚು ನೆನಪಿರುತ್ತದೆ. 2025ರ ಜುಲೈ 14ರಂದು ಅಲ್ಲಿ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಈಗ ಸವಾರರು ನಿಲ್ಲದೆ ದಾಟಿಬಿಡುತ್ತಾರೆ. ಆದರೂ ಲಾಂಚಿನ ಕಾಲದಲ್ಲಿ ಕಂಡ ಒಂದು ಪದ್ಧತಿ ಎಲ್ಲ ಕಡೆಗೂ ಸಲ್ಲುತ್ತದೆ. ಮೊದಲು ಬಸ್ಸು, ಕಾರು ಹತ್ತುತ್ತಿದ್ದವು, ಬೈಕುಗಳನ್ನು ಆಮೇಲೆ ಸಂದಿಗಳಿಗೆ ತಳ್ಳುತ್ತಿದ್ದರು. ಭಾರವಾದದ್ದು ನಡುವೆ, ಹಗುರಾದದ್ದು ಅಂಚಿಗೆ ಎಂಬ ಈ ಲೆಕ್ಕ ಲಾಂಚಿನವನ ತಲೆಯಲ್ಲಿರುತ್ತದೆ, ಸವಾರನ ತಲೆಯಲ್ಲಿ ಇರುವುದಿಲ್ಲ. ಅವನು ತೋರಿಸಿದ ಜಾಗ ಬಿಟ್ಟು ಫೋಟೋಗೆ ಚೆಂದ ಕಾಣುವ ಅಂಚಿಗೆ ಗಾಡಿ ಒಯ್ಯುವವರು ಪ್ರತಿ ಫೆರಿಯಲ್ಲೂ ಒಬ್ಬರಾದರೂ ಸಿಗುತ್ತಾರೆ.

ನೀರಿನ ನಡುವೆ ಗಾಡಿ ಉರುಳೀತೆಂದು ಎಲ್ಲರೂ ಹೆದರುತ್ತಾರೆ. ನಿಜಕ್ಕೂ ಹೆದರಬೇಕಾದ್ದು ಹತ್ತುವಾಗ ಮತ್ತು ಇಳಿಯುವಾಗ. ದಡಕ್ಕೂ ದೋಣಿಗೂ ನಡುವಿನ ಹಲಗೆ ಒದ್ದೆಯಾಗಿರುತ್ತದೆ, ಅದಕ್ಕೆ ಪಾಚಿ ಹಿಡಿದಿರುತ್ತದೆ, ಹಿಂದೆ ನಿಂತವರು ‘ಬೇಗ ಹೋಗ್ರಿ’ ಎಂದು ಅವಸರ ಮಾಡುತ್ತಿರುತ್ತಾರೆ. ತದಡಿಯಲ್ಲಿ ಇದರ ಜತೆಗೆ ಸಮುದ್ರದ ಉಬ್ಬರ ಇಳಿತವೂ ಸೇರುತ್ತದೆ. ಅಘನಾಶಿನಿಗೆ ಅಣೆಕಟ್ಟೆಯಿಲ್ಲ, ಅಳಿವೆಯಲ್ಲಿ ಕಡಲಿನದೇ ಕಾರುಬಾರು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಏರಿಳಿತ ಜೋರು. ಭರ್ತಿ ನೀರಿದ್ದಾಗ ಬೋಟಿನ ಅಂಚು ದಕ್ಕೆಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಅದೇ ಬೋಟು ಇಳಿತದ ಹೊತ್ತಿಗೆ ಕೆಳಗೆ ಕೂತಿರುತ್ತದೆ, ಹಲಗೆ ಕಡಿದಾದ ಇಳಿಜಾರಾಗುತ್ತದೆ. ಬೆಳಿಗ್ಗೆ ಸಲೀಸಾಗಿ ಹತ್ತಿದ ಗಾಡಿ ಮಧ್ಯಾಹ್ನ ಹತ್ತದೆ ಹೋದರೆ ಅದಕ್ಕೆ ಕಾರಣ ಇದು. ಅವಸರವಿಲ್ಲದವರು ಒಂದೆರಡು ತಾಸು ಚಹಾ ಕುಡಿದು ನೀರು ಏರುವುದನ್ನು ಕಾಯಬಹುದು.

ಹಲಗೆಯ ಮೇಲೆ ಗಾಡಿ ಓಡಿಸಬಾರದು, ತಳ್ಳಬೇಕು. ಅದಕ್ಕೂ ಮೊದಲು ಚೀಲ, ಡಬ್ಬಿ, ಹಿಂದೆ ಕಟ್ಟಿದ ಗಂಟು ಎಲ್ಲ ಇಳಿಸಬೇಕು. ಸೀಟಿನ ಮೇಲಿನ ಹತ್ತು ಕಿಲೊ ಭಾರ ನೆಲದ ಮೇಲೆ ಲೆಕ್ಕಕ್ಕಿಲ್ಲ, ಅರ್ಧ ಅಡಿ ಅಗಲದ ಹಲಗೆಯ ಮೇಲೆ ಅದೇ ಗಾಡಿಯನ್ನು ಕೆಡವುತ್ತದೆ. ತಳ್ಳಲು ಇಬ್ಬರು ಬೇಕು. ಒಬ್ಬರು ಹ್ಯಾಂಡಲ್ ಹಿಡಿದರೆ ಇನ್ನೊಬ್ಬರು ಸೀಟಿನ ಹಿಂದಿನ ಕಂಬಿ ಹಿಡಿಯಬೇಕು. ಏರುವಾಗ ಗಾಡಿ ನ್ಯೂಟ್ರಲ್‌ನಲ್ಲಿರಲಿ. ಇಳಿಜಾರಿನಲ್ಲಿ ಇಳಿಸುವಾಗ ಒಂದು ಒಳ್ಳೆಯ ಉಪಾಯವಿದೆ. ಎಂಜಿನ್ ಆಫ್ ಮಾಡಿ ಒಂದನೇ ಗೇರಿಗೆ ಹಾಕಿ ಕ್ಲಚ್ ಒತ್ತಿ ಹಿಡಿದು ನಿಧಾನಕ್ಕೆ ಬಿಡುತ್ತ ಹೋಗಬೇಕು. ಕ್ಲಚ್ ಬಿಟ್ಟ ಕ್ಷಣ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ, ಕ್ಲಚ್ಚೇ ಬ್ರೇಕಾಗುತ್ತದೆ. ಒದ್ದೆ ಹಲಗೆಯ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಗೇ ಅದುಮಿದರೆ ಮುಂಚಕ್ರ ಜಾರುವುದು ಖಂಡಿತ. ಗೇರಿಲ್ಲದ ಸ್ಕೂಟರಿಗೆ ಈ ಅನುಕೂಲವಿಲ್ಲ, ಅಲ್ಲಿ ಹಿಂದಿನ ಬ್ರೇಕನ್ನೇ ಸಣ್ಣಗೆ ಹಿಡಿದು ಬಿಡುತ್ತ ಸಾಗಬೇಕು.

ಗೋವಾದಂಥ ಫೆರಿಗಳಿಗೆ ಸೀದಾ ಓಡಿಸಿಕೊಂಡು ಹೋಗುವವರು ಕಬ್ಬಿಣದ ತಗಡಿನ ಮೇಲೆ ಹ್ಯಾಂಡಲ್ ತಿರುಗಿಸದೆ, ಒಂದೇ ವೇಗದಲ್ಲಿ ಹತ್ತಿದರೆ ಸಾಕು. ದ್ವಿಚಕ್ರ ವಾಹನಕ್ಕೆ ಅಲ್ಲಿ ಬಹುಕಾಲ ದುಡ್ಡು ಕೇಳುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ಕಚೇರಿ ವೇಳೆಯಲ್ಲಿ ಗಾಡಿಗಳು ಹ್ಯಾಂಡಲ್‌ಗೆ ಹ್ಯಾಂಡಲ್ ತಾಗುವಷ್ಟು ತುಂಬಿರುತ್ತವೆ. ಅಲ್ಲಿನವರು ಸೀಟಿನ ಮೇಲೇ ಕೂತು, ಎರಡೂ ಕಾಲು ಊರಿ, ಎಂಜಿನ್ ಆಫ್ ಮಾಡಿ, ಗೇರಿನಲ್ಲಿಟ್ಟು ದಾಟಿಬಿಡುತ್ತಾರೆ. ಶಾಂತ ನದಿ, ಅಗಲ ಫೆರಿ, ಸ್ವಲ್ಪ ಹೊತ್ತಿನ ದಾರಿಗೆ ಇದು ಸಾಕು. ಸಣ್ಣ ಬೋಟಿನಲ್ಲಿ ಮಾತ್ರ ಸೀಟಿನ ಮೇಲೆ ಕೂರಬಾರದು. ಕೂತವನ ಭಾರವೆಲ್ಲ ಎತ್ತರಕ್ಕೆ ಸೇರಿ ಬೋಟಿನ ಸಮತೋಲವೇ ಕೆಡುತ್ತದೆ.

ಸಣ್ಣ ಬೋಟಿನಲ್ಲಿ ನಿಲ್ಲುವ ರೀತಿ ಹೀಗೆ: ಗಾಡಿ ಒಂದನೇ ಗೇರಿನಲ್ಲಿ, ಸೈಡ್ ಸ್ಟ್ಯಾಂಡ್ ಹಾಕಿ, ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ ನಿಲ್ಲಿಸುವುದು. ಸವಾರ ಸ್ಟ್ಯಾಂಡಿರುವ ಎಡಗಡೆ ನಿಂತು, ಸೊಂಟವನ್ನು ಟ್ಯಾಂಕಿಗೆ ಆನಿಸಿ, ಬಲಗೈಯಲ್ಲಿ ಮುಂದಿನ ಬ್ರೇಕ್ ಹಿಡಿಯುವುದು. ಹ್ಯಾಂಡಲ್ ಲಾಕ್ ಮಾಡಬಾರದು, ಬೋಟಿನವನು ಸರಿಸು ಎಂದಾಗ ಕೀ ಹುಡುಕುತ್ತ ನಿಲ್ಲಬೇಕಾಗುತ್ತದೆ. ಗಾಡಿಗೂ ಬೋಟಿನ ಅಂಚಿಗೂ ನಡುವಿನ ಇಕ್ಕಟ್ಟಿನಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ಸುಳಿಯಬಾರದು. ಡೀಸೆಲ್ ಎಂಜಿನ್ನಿನ ನಡುಕಕ್ಕೆ ಸ್ಟ್ಯಾಂಡಿನ ಪಾದ ಸದ್ದಿಲ್ಲದೆ ಜರುಗುತ್ತದೆ. ಅದರಡಿ ಹಳೇ ಟೈರಿನ ಒಂದು ತುಂಡು ಇಟ್ಟರೆ ಕಬ್ಬಿಣದ ಮೇಲೂ ಜಾರದು, ಮರದ ಹಲಗೆಯ ಸಂದಿಗೂ ಇಳಿಯದು. ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುವ ಸಾಮಾನಿದು.

ಡಬಲ್ ಸ್ಟ್ಯಾಂಡ್ ಹಾಕಿದರೆ ಹೆಚ್ಚು ಭದ್ರ ಎಂಬ ನಂಬಿಕೆ ಬಹಳ ಜನರಿಗಿದೆ. ನೆಲದ ಮೇಲೆ ಅದು ನಿಜವಿರಬಹುದು. ನೀರಿನ ಮೇಲೆ ಲೆಕ್ಕ ತಿರುಗುಮುರುಗು. ಡಬಲ್ ಸ್ಟ್ಯಾಂಡಿನಲ್ಲಿ ಹಿಂಚಕ್ರ ನೆಲ ಬಿಟ್ಟಿರುತ್ತದೆ, ಗೇರಿಗೆ ಹಾಕಿದರೂ ಹಿಡಿತವಿಲ್ಲ. ದೋಣಿ ದಡಕ್ಕೆ ಧಡ್ಡನೆ ತಾಗಿದಾಗ ಗಾಡಿ ಮುಂದಕ್ಕೆ ಜಗ್ಗಿ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ಎರಡೂ ಚಕ್ರ ನೆಲಕ್ಕಿರುತ್ತವೆ, ಶಾಕ್ ಅಬ್ಸಾರ್ಬರ್ ಅಲುಗಾಟವನ್ನು ನುಂಗಿಕೊಳ್ಳುತ್ತದೆ. ಅದಕ್ಕಿರುವ ದೌರ್ಬಲ್ಯ ಒಂದೇ. ಎಡಕ್ಕೆ ವಾಲಿ ನಿಂತ ಗಾಡಿ, ದೋಣಿ ಬಲಕ್ಕೆ ವಾಲಿದರೆ ಸ್ಟ್ಯಾಂಡ್ ಬಿಟ್ಟು ಬಲಕ್ಕೆ ಮಗುಚುತ್ತದೆ.

ಹಗ್ಗದ ಇಡೀ ಶಾಸ್ತ್ರ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಗಾಡಿ ಬೀಳದಂತೆ ಬಲಕ್ಕೆ ಎಳೆದು ಕಟ್ಟುವುದು ಸಹಜವಾಗಿ ಎಲ್ಲರಿಗೂ ಹೊಳೆಯುವ ಉಪಾಯ, ಆದರೆ ಅದೇ ತಪ್ಪು. ಗಾಡಿಯನ್ನು ಅದರ ಸ್ಟ್ಯಾಂಡಿನ ಕಡೆಗೇ, ಎಂದರೆ ಎಡಕ್ಕೆ ಮತ್ತು ಕೆಳಕ್ಕೆ ಎಳೆದು ಬಿಗಿಯಬೇಕು. ಆಗ ಸ್ಟ್ಯಾಂಡ್ ನೆಲಕ್ಕೆ ಒತ್ತಿಕೊಂಡು ಗಾಡಿಯೂ ದೋಣಿಯೂ ಒಂದೇ ಆಗುತ್ತವೆ. ಮೊದಲ ಪಟ್ಟಿ ಇದು. ಎರಡನೆಯದು ಬಲಗಡೆಯಿಂದ, ಸಡಿಲವಿಲ್ಲದಷ್ಟೇ ಬಿಗಿ, ಕಾವಲಿಗೆ. ಮೂರನೆಯದು ಹಿಂಚಕ್ರಕ್ಕೆ. ಗಾಡಿ ಮುಂದೆ ಜಾರಿ ಸ್ಟ್ಯಾಂಡ್ ಮಡಚದಂತೆ ಅದು ಹಿಂದಕ್ಕೆ ಹಿಡಿದಿರುತ್ತದೆ. ಮುಂದಿನ ಬ್ರೇಕ್ ಲಿವರನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಹ್ಯಾಂಡಲಿಗೆ ಸುತ್ತಿ ಒತ್ತಿ ಕಟ್ಟಿದರೆ ಮುಂಚಕ್ರಕ್ಕೂ ಬೀಗ ಬಿದ್ದಂತೆ.

ಟ್ಯೂಬಿಗೆ ಕೆಲಸ ಇಷ್ಟೇ. ಹಳ್ಳಿಯ ಗಾಡಿಗಳಲ್ಲಿ ಹಾಲಿನ ಕ್ಯಾನಿನಿಂದ ಹಿಡಿದು ಗೊಬ್ಬರದ ಚೀಲದವರೆಗೆ ಎಲ್ಲವನ್ನೂ ಟ್ಯೂಬಿನಲ್ಲೇ ಬಿಗಿಯುವ ರೂಢಿ. ಆದರೆ ಇಡೀ ಬೈಕನ್ನು ಟ್ಯೂಬಿನಿಂದಲೋ ಕೊಕ್ಕೆಯಿರುವ ರಬ್ಬರ್ ಹಗ್ಗದಿಂದಲೋ ಕಟ್ಟಿದರೆ ಅದು ಹಿಗ್ಗುತ್ತದೆ, ಗಾಡಿ ಓಲಾಡಲು ಶುರುವಾದ ಮೇಲೆ ಆ ಓಲಾಟವನ್ನೇ ಹೆಚ್ಚಿಸುತ್ತದೆ. ನೈಲಾನ್ ಹಗ್ಗವೂ ನೆನೆದಾಗ ಸ್ವಲ್ಪ ಹಿಗ್ಗುತ್ತದೆ. ನೂಲಿನ ಹಗ್ಗ ನೆನೆದಾಗ ಬಿಗಿದು ಒಣಗಿದಾಗ ಸಡಿಲಾಗುತ್ತದೆ. ಲಾರಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ, ಇಂಚಗಲದ ಪಾಲಿಯೆಸ್ಟರ್ ಪಟ್ಟಿಯ ರ‍್ಯಾಚೆಟ್ ಬೆಲ್ಟ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದು ಇಲ್ಲವೆಂದರೆ ಟ್ರ್ಯಾಕ್ಟರಿಗೆ ಶೇಂಗಾ ಹೊಟ್ಟು ಹೇರುವ ರೈತ ಮಾಡುವಂತೆ ಹಗ್ಗದ ನಡುವೆ ಒಂದು ಕುಣಿಕೆ ಹಾಕಿ, ತುದಿಯನ್ನು ಕೆಳಗಿನ ಕೊಕ್ಕೆಗೆ ಸುತ್ತಿ ತಂದು ಅದೇ ಕುಣಿಕೆಯಲ್ಲಿ ತೂರಿಸಿ ಜಗ್ಗಿದರೆ, ಒಬ್ಬನ ತೋಳಿಗೆ ಇಬ್ಬರ ಬಲ ಬರುತ್ತದೆ. ಗುಡೇಕೋಟೆ ಕಡೆಯ ಹೊಲಗಳಲ್ಲಿ ಈ ವಿದ್ಯೆ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹಗ್ಗ ಎಲ್ಲಿಗೆ ಹಾಕಬೇಕು ಎಂಬುದರಲ್ಲಿ ಮಾತ್ರ ಹೊಟ್ಟಿನ ಲೋಡಿಗೂ ಬೈಕಿಗೂ ಸಾಮ್ಯವಿಲ್ಲ. ಹ್ಯಾಂಡಲಿನ ತುದಿಯ ಹಿಡಿ, ಕನ್ನಡಿ, ಇಂಡಿಕೇಟರ್, ಬ್ರೇಕಿನ ಎಣ್ಣೆ ಪೈಪು, ಪ್ಲಾಸ್ಟಿಕ್ ಭಾಗ ಯಾವುದಕ್ಕೂ ಹಗ್ಗ ತಾಗಬಾರದು. ಬಿಸಿ ಸೈಲೆನ್ಸರಿಗೆ ತಾಗಿದರೆ ಪಟ್ಟಿ ಕರಗುತ್ತದೆ. ಮುಂದೆ ಫೋರ್ಕುಗಳನ್ನು ಹಿಡಿದಿರುವ ಹ್ಯಾಂಡಲಿನ ಬುಡದ ಕಬ್ಬಿಣ, ಹಿಂದೆ ಚಾಸಿ ಅಥವಾ ಹಿಂಬದಿ ಸವಾರನ ಪೆಡಲಿನ ಬ್ರಾಕೆಟ್, ಇವೆರಡು ನಂಬಿಕಸ್ಥ ಜಾಗಗಳು. ಕಬ್ಬಿಣದ ಕೊಕ್ಕೆಯನ್ನು ನೇರ ಗಾಡಿಗೆ ಸಿಕ್ಕಿಸದೆ, ಬಟ್ಟೆಯ ಕುಣಿಕೆ ಹಾಕಿ ಅದಕ್ಕೆ ಕೊಕ್ಕೆ ಸಿಕ್ಕಿಸಿದರೆ ಬಣ್ಣ ಉಳಿಯುತ್ತದೆ. ಪಟ್ಟಿ ನೆಲಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ ಇಳಿಯಬೇಕು. ನೇರ ಕೆಳಗಿಳಿದರೆ ಪಕ್ಕದ ಓಲಾಟ ತಡೆಯದು, ತೀರ ಮಲಗಿದರೆ ಕೆಳಗೆ ಒತ್ತದು. ಮುಂದಿನ ಶಾಕ್ ಅಬ್ಸಾರ್ಬರ್ ಅರ್ಧದಷ್ಟು ಕುಗ್ಗುವವರೆಗೆ ಬಿಗಿದರೆ ಸಾಕು. ಪೂರ್ತಿ ಕುಗ್ಗಿಸಿದರೆ ಫೋರ್ಕಿನ ಆಯಿಲ್ ಸೀಲಿಗೆ ಪೆಟ್ಟು. ಹಳೇ ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಕಾಕ್ ಮುಚ್ಚಬೇಕು.

ಸಮುದ್ರ ಹಡಗಿನಲ್ಲಿ ಈ ಕೆಲಸ ಸಿಬ್ಬಂದಿಯದು. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬೈಕಿನ ಹುಚ್ಚಿರುವವರು ಐಲ್ ಆಫ್ ಮ್ಯಾನ್ ದ್ವೀಪದ ಹೆಸರು ಕೇಳಿರುತ್ತಾರೆ. 1907ರಿಂದ ಅಲ್ಲಿ ನಡೆಯುವ ಟಿ.ಟಿ. ರೇಸ್ ನೋಡಲು ಬರುವ ಬೈಕುಗಳು ಹಡಗಿನಲ್ಲೇ ಬರಬೇಕು. ಅಲ್ಲಿ ಗಾಡಿಗಳನ್ನು ಸೈಡ್ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸಿ, ಸೀಟಿನ ಮೇಲೆ ದಿಂಬಿನಂಥ ಮೆತ್ತೆ ಇಟ್ಟು, ಅದರ ಮೇಲಿಂದ ಹಗ್ಗ ಎಳೆದು ಬಿಗಿಯುತ್ತಾರೆ. ಸವಾರರು ವಾಹನಗಳ ಅಂತಸ್ತಿನಲ್ಲಿ ನಿಲ್ಲುವಂತಿಲ್ಲ, ಮೇಲಿನ ಕೋಣೆಗೆ ಹೋಗಬೇಕು. ಆದ್ದರಿಂದ ಕಟ್ಟಿದ್ದನ್ನು ಮೇಲೆ ಹೋಗುವ ಮುಂಚೆಯೇ ಅಲ್ಲಾಡಿಸಿ ನೋಡಿಕೊಳ್ಳಬೇಕು. ಹಡಗು ಉದ್ದುದ್ದಕ್ಕಿಂತ ಅಡ್ಡಡ್ಡ ಹೆಚ್ಚು ಓಲಾಡುತ್ತದೆ, ಬೈಕು ದುರ್ಬಲವಾಗಿರುವುದೂ ಅಡ್ಡಡ್ಡವೇ. ಎರಡೂ ಬದಿಗೆ ಪಟ್ಟಿ ಕೇಳಿ ಹಾಕಿಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಗಾಡಿಯ ಚಿಂತೆಯಲ್ಲಿ ಸವಾರ ತನ್ನನ್ನೇ ಮರೆಯುವುದುಂಟು. ಹೆಲ್ಮೆಟ್ ತೆಗೆದಿಡಬೇಕು. ರೇನ್‌ಕೋಟಿನ ಗುಂಡಿ ಬಿಚ್ಚಿರಬೇಕು, ಬೆನ್ನಿನ ಚೀಲ ಕೆಳಗಿಡಬೇಕು. ಲೈಫ್ ಜಾಕೆಟ್ ಎಲ್ಲಕ್ಕಿಂತ ಮೇಲಿರಬೇಕು, ಒಳಗೆ ಹಾಕಿಕೊಂಡರೆ ಉಪಯೋಗವಿಲ್ಲ. ಗಾಡಿಯ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುವ ಚಾಳಿ ತುಂಬಾ ಕೆಟ್ಟದ್ದು. ಬೋಟಿನಲ್ಲಿ ಜನ ಜಾಸ್ತಿ ಕಂಡರೆ ಹತ್ತದಿರುವುದೇ ಲೇಸು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಹೊರಬಹುದಾದ್ದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಜಾತ್ರೆಯ ದಿನ ದಡದಲ್ಲಿ ಗಾಡಿ ಬಿಟ್ಟು ಹೋಗುವುದರಲ್ಲಿ ನಷ್ಟವೇನಿಲ್ಲ. ಗಾಡಿ ಕೈಮೀರಿ ವಾಲತೊಡಗಿದರೆ ಬಿಟ್ಟುಬಿಡಬೇಕು. ಮುರಿದ ಲಿವರನ್ನು ಸ್ವಲ್ಪ ದುಡ್ಡಿಗೇ ಬದಲಿಸಬಹುದು.

ಬಿಡಲು ಧೈರ್ಯ ಕೊಡುವ ಮಾತೊಂದು ವಿಮೆಯ ಕಾಗದದಲ್ಲಿದೆ, ಓದುವವರು ಕಡಿಮೆ. ನಮ್ಮ ದೇಶದ ಪ್ಯಾಕೇಜ್ ಪಾಲಿಸಿಗಳಲ್ಲಿ ಗಾಡಿಗಾದ ಹಾನಿಗೆ ಪರಿಹಾರ ಸಿಗುವ ಸಂದರ್ಭಗಳ ಪಟ್ಟಿ ಇರುತ್ತದೆ. ರಸ್ತೆ, ರೈಲು, ಒಳನಾಡು ಜಲಮಾರ್ಗ, ಲಿಫ್ಟ್, ವಿಮಾನದಲ್ಲಿ ಸಾಗಿಸುವಾಗ ಆದ ಹಾನಿಯೂ ಅದರಲ್ಲಿ ಸೇರಿದೆ. ಎಂದರೆ ಹೊಳೆ, ಹಿನ್ನೀರು ಲೆಕ್ಕಕ್ಕುಂಟು. ಸಮುದ್ರದ ಹೆಸರು ಆ ಪಟ್ಟಿಯಲ್ಲಿಲ್ಲ. ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿದವರಿಗೆ ಎರಡೂ ಇಲ್ಲ. ಗಾಡಿ ನೀರಿನಲ್ಲಿ ಮುಳುಗಿಯೇ ಹೋಗಿ ಮೇಲೆತ್ತಿದರೆ ಆತುರಕ್ಕೆ ಸೆಲ್ಫ್ ಬಟನ್ ಒತ್ತಬಾರದು, ಕಿಕ್ಕರ್ ಹೊಡೆಯಬಾರದು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫೋಟೋ ತೆಗೆದು, ವಿಮೆಯವರಿಗೆ ತಿಳಿಸಿ, ಟೆಂಪೋದಲ್ಲಿ ಹೇರಿ ಮೆಕ್ಯಾನಿಕ್ ಹತ್ತಿರ ಒಯ್ಯಬೇಕು.

ಹೊರಡುವ ಮುನ್ನ ನೀರಿನ ಸುದ್ದಿ ಕೇಳುವುದನ್ನು ಮರೆಯಬಾರದು. ತಳವಾರಘಟ್ಟದ ಬೋಟು ನಡೆಯುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಹೊಸಪೇಟೆ ಪಕ್ಕದ ತುಂಗಭದ್ರಾ ಅಣೆಕಟ್ಟೆ. 33 ಕ್ರಸ್ಟ್ ಗೇಟುಗಳಲ್ಲಿ ಎಷ್ಟು ತೆರೆದಿವೆ ಎಂಬುದರ ಮೇಲೆ ಹಂಪಿಯ ಹೊಳೆಯ ಮಟ್ಟ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಹೊಳೆ ಹೇಗೆ ಏರುತ್ತದೆಂಬುದನ್ನು ಕೆಳಗಿನ ಊರುಗಳು ನೋಡಿದವು. ಹಂಪಿಯ ಪುರಂದರ ಮಂಟಪಕ್ಕೆ ನೀರು ಹೊಕ್ಕಿದೆ ಎಂದು ಪೇಪರಿನಲ್ಲಿ ಬಂದರೆ ಆ ವಾರ ಬೋಟಿನ ಆಸೆ ಬಿಡಬಹುದು. ಶರಾವತಿ ಹಿನ್ನೀರಿನಲ್ಲಿ ಕಥೆ ತದ್ವಿರುದ್ಧ. ಅಲ್ಲಿ ಲಾಂಚುಗಳಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದುದು ಮಳೆ ತಡವಾಗಿ ನೀರು ಇಳಿದಾಗ.

ಉಪ್ಪುನೀರಿನ ಕಡೆ ದಾಟಿದವರಿಗೆ ಒಂದು ಕೆಲಸ ಬಾಕಿ ಇರುತ್ತದೆ. ತದಡಿಯಲ್ಲಿ ಸಿಡಿದ ಹನಿ ಅಂದೇ ಏನೂ ಮಾಡದು. ಕೊಟ್ಟೂರಿಗೆ ಮರಳಿ ವಾರ ಕಳೆಯುವಷ್ಟರಲ್ಲಿ ಚೈನಿನ ಕೊಂಡಿಗಳಲ್ಲಿ ಕೆಂಪು ತುಕ್ಕು ಕಾಣಿಸುತ್ತದೆ, ಸ್ಟ್ಯಾಂಡಿನ ಸ್ಪ್ರಿಂಗ್ ಕಿರುಗುಟ್ಟುತ್ತದೆ. ಕುಮಟಾ ದಾಟುವುದರೊಳಗೆ ಯಾವುದಾದರೂ ಸರ್ವಿಸ್ ಸ್ಟೇಷನ್ನಿನಲ್ಲಿ ಸಿಹಿನೀರಿನಿಂದ ತೊಳೆಸಿ, ಚೈನಿಗೆ ಎಣ್ಣೆ ಬಿಟ್ಟು, ರ‍್ಯಾಚೆಟ್ ಬೆಲ್ಟುಗಳನ್ನೂ ಅದೇ ನೀರಿನಲ್ಲಿ ಜಾಲಿಸಿ ಒಣಗಿಸಿಕೊಂಡು ಘಟ್ಟ ಹತ್ತಬೇಕು.